ನಾಲ್ಕರಲ್ಲಿ ಮೂರು ಅಳಿಸಿದ ತೂವೆ

ದಕ್ಷಿಣ ಸ್ವೀಡನ್ನಿನ ಆ ಖಗೋಳ ವಿಭಾಗದಲ್ಲಿ ನಾಲ್ಕು ಕಂಪನಿಗಳ ಯೂನಿಕ್ಸ್ ಕಂಪ್ಯೂಟರುಗಳಿದ್ದವು. ಒಂದರ ಪ್ರೋಗ್ರಾಂ ಇನ್ನೊಂದರಲ್ಲಿ ಓಡುತ್ತಿರಲಿಲ್ಲ. ಹಾಗಾಗಿ ಎಲ್ಲರೂ ಹಂಚಿಕೊಳ್ಳುವ ಡಿಸ್ಕಿನಲ್ಲಿ ಪ್ರತಿಯೊಂದು ಪ್ರೋಗ್ರಾಮನ್ನೂ ಒಂದೇ ಹೆಸರಿನಲ್ಲಿ, ಯಂತ್ರದ ಬಗೆಗೊಂದರಂತೆ ನಾಲ್ಕು ಫೋಲ್ಡರುಗಳಲ್ಲಿ ಇಡುತ್ತಿದ್ದರು.

ಇದನ್ನು ತೂವೆಗೆ ಯಾರೂ ಹೇಳಿರಲಿಲ್ಲ. ಡಿಸ್ಕ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಅವಳಿಗೆ ಒಂಬತ್ತೇ ದಿನ. ಕೇಳೋಣವೆಂದರೆ ಬಾಯಿ ಬರುತ್ತಿರಲಿಲ್ಲ. ಬುಧವಾರ ಬೆಳಿಗ್ಗೆ ಡಿಸ್ಕ್ ತುಂಬಿತು. ನೋಡಿದರೆ ಎಲ್ಲವೂ ನಾಲ್ಕು ನಾಲ್ಕು! ಎಂಥ ಅಸಡ್ಡೆಯ ಜನವಪ್ಪಾ ಎಂದುಕೊಂಡು, ಹೊಸದಾಗಿ ಕಂಡ ಒಂದು ಫೋಲ್ಡರನ್ನು ಉಳಿಸಿ ಮೂರನ್ನು ಅಳಿಸಿದಳು. ಡಿಸ್ಕ್ ಹಗುರಾಯಿತು, ಅವಳ ಮನಸ್ಸೂ.

ಐದೇ ನಿಮಿಷ. ಸಾಲು ಕೋಣೆಗಳ ಬಾಗಿಲುಗಳು ದಡದಡ ತೆರೆದವು.

"ನನ್ನ ಎಡಿಟರ್ ಪ್ರೋಗ್ರಾಂ ಎಲ್ಲಿ ಹೋಯ್ತು?"

"ನಿಂದು ಎಡಿಟರ್, ನಂದು ಎರಡು ವರ್ಷದ ಲೆಕ್ಕ ನಿಂತೋಯ್ತಲ್ಲೋ!"

ಎಲ್ಲರನ್ನೂ ತಳ್ಳಿಕೊಂಡು ಓಡಿ ಬಂದವನು ಸಂಶೋಧನಾ ವಿದ್ಯಾರ್ಥಿ ಯೋರನ್. ಅವನ ಕೈಯಲ್ಲಿ ಸುತ್ತಿಗೆ. ಅಲ್ಲಿನ ಹಳೆಯ ಪದ್ಧತಿಯಂತೆ, ಹನ್ನೆರಡು ಗಂಟೆಯೊಳಗೆ ಅವನು ತನ್ನ ಪ್ರಬಂಧವನ್ನು ಮುಖ್ಯ ಕಟ್ಟಡದ ಹಲಗೆಗೆ ಮೊಳೆ ಹೊಡೆದು ತೂಗುಹಾಕಬೇಕಿತ್ತು. ತಪ್ಪಿದರೆ ಮೌಖಿಕ ಪರೀಕ್ಷೆ ಆರು ತಿಂಗಳು ಮುಂದಕ್ಕೆ.

"ಪುಟ ಜೋಡಿಸೋ ಪ್ರೋಗ್ರಾಮೇ ಮಾಯ ಕಣೇ! ಅಮ್ಮ ಹೂ ಹಿಡ್ಕೊಂಡು ಕೆಳಗೆ ನಿಂತಿದಾಳೆ, ಏನ್ ಹೇಳ್ಲಿ?"

"ನಾನೇ ಅಳಿಸಿದ್ದು, ನಾಲ್ಕರಲ್ಲಿ ಮೂರು," ಎಂದಳು ತೂವೆ, ಸುತ್ತಿಗೆಯನ್ನೇ ನೋಡುತ್ತ. "ಟೇಪಲ್ಲಿರೋ ನಕಲಿಂದ ವಾಪಸ್ ಹಾಕೋಕೆ ಸಂಜೆ ಆಗತ್ತೆ."

"ನಾಲ್ಕು ಬಗೆ ಮಷೀನಿಗೆ ನಾಲ್ಕೂ ಬೇಕು ಕಣೇ! ಒಂದು ಉಳಿದಿದೆಯಲ್ಲ, ಅದ್ಯಾವ ಮಷೀನಿಂದು?"

ತೂವೆ ಫೋಲ್ಡರಿನ ಹೆಸರು ನೋಡಿದಳು. ಆ ಬಗೆಯ ಯಂತ್ರ ಇದ್ದದ್ದು ಒಂದೇ, ಪ್ರೊಫೆಸರ್ ಗುನ್‌ಹಿಲ್ಡ್ ಅವರ ಕೋಣೆಯಲ್ಲಿ. ನಕ್ಷತ್ರಗಳ ಡಿಕ್ಕಿ ಲೆಕ್ಕ ಹಾಕುವ ಯಂತ್ರ. ಅದನ್ನು ಮುಟ್ಟುವುದಿರಲಿ, ಆ ಬಾಗಿಲ ಮುಂದೆ ಯಾರೂ ಸೀನುತ್ತಲೂ ಇರಲಿಲ್ಲ.

"ನೀನೇ ಹೋಗು ತಾಯಿ," ಎಂದ ಯೋರನ್. "ನಾನು ಹೋದ್ರೆ ಪರೀಕ್ಷೆಗೆ ಮೊದ್ಲೇ ಫೇಲು."

ತೂವೆ ಬಾಗಿಲು ತಟ್ಟಿದಳು. ಉತ್ತರವಿಲ್ಲ. ಗಂಟೆ ಆಗಲೇ ಹನ್ನೊಂದು. ಕಣ್ಣು ಮುಚ್ಚಿ ಬಾಗಿಲು ನೂಕಿ, ಕಣ್ಣು ತೆರೆದಳು.

ಪ್ರೊಫೆಸರ್ ಇಸ್ಪೀಟು ಆಡುತ್ತಿದ್ದರು. ಪರದೆಯ ತುಂಬ ರಾಜ, ರಾಣಿ.

ಇಬ್ಬರ ಮುಖವೂ ಕೆಂಪಾಯಿತು.

"ನಕ್ಷತ್ರ ಡಿಕ್ಕಿ ಹೊಡೆಯೋಕೆ ಇನ್ನೂ ಹೊತ್ತಿದೆ," ಎಂದರು ಪ್ರೊಫೆಸರ್.

"ಮೂರು ಫೋಲ್ಡರ್ ಅಳಿಸಿಬಿಟ್ಟೆ, ಗುನ್‌ಹಿಲ್ಡ್. ಯೋರನ್ನಿಗೆ ಈ ಮಷೀನು ಅರ್ಧ ಗಂಟೆ ಬೇಕು."

"ನೀನಿಲ್ಲಿ ಏನು ನೋಡಿದೆ?"

"ನಕ್ಷತ್ರ."

"ಕರಿ ಅವನನ್ನ."

ಹನ್ನೆರಡಕ್ಕೆ ಎರಡು ನಿಮಿಷವಿರುವಾಗ ಯೋರನ್ ಮೊಳೆ ಹೊಡೆದ, ಹೆಬ್ಬೆರಳಿಗೂ ಒಂದೇಟು.

ಆ ಖುಷಿಗೆ ಹಂಚಿದ ಕೇಕು ತಿನ್ನುವಾಗ ಪ್ರೊಫೆಸರ್ ತೂವೆಯ ಪಕ್ಕಕ್ಕೆ ಸರಿದರು. "ಸಂಜೆ ಎಲ್ಲಾ ವಾಪಸ್ ಹಾಕ್ವಾಗ, ಆ ಇಸ್ಪೀಟು ಮಾತ್ರ ಹಾಕ್ಬೇಡ. ಪಕ್ಕದ ಕೋಣೆ ಬೆಂಗ್ಟ್ ಅವನ ಮಷೀನಲ್ಲಿ ಆಡಿ ನನ್ನ ಅಂಕ ದಾಟೋಕೆ ಹತ್ತೇ ಬಾಕಿ."

ತೂವೆ ಕೇಕು ನುಂಗಿದಳು.

"ಆಗಲ್ಲ," ಎಂದಳು. "ನಾಲ್ಕೂ ಕಡೆ ಇರ್ಬೇಕಂತೆ."