ಓಣಿಯ ಇಬ್ಬರು ಮರ್ಯಾದಸ್ಥರು

"ಆ ವರ್ಷ ಮುಂಬೈ ಹೈಕೋರ್ಟು ನನ್ನ ಖಾನಾವಳಿಯಾಗ ಕೂಡತಿತ್ತವ್ವಾ. ಜಡ್ಜು, ವಕೀಲ, ಕಳ್ಳ, ಕೊಲಿಗಡುಕ, ಎಲ್ಲಾರೂ ನನ್ನ ಕೈಯಾನ ರೊಟ್ಟಿ ತಿಂದು ಏಳವರು," ಎಂದಳು ರಾಚವ್ವ, ಬೆಳ್ಳುಳ್ಳಿ ಸುಲಿಯುತ್ತ. ಎದುರಿಗೆ ಕೂತಿದ್ದ ವಿನೋದಿನಿಯ ಕಣ್ಣು ಅರಳಿದ್ದು ನೋಡಿ ಅವಳಿಗೇ ನಗು ಬಂತು. "ಅರ್ಧ ಸುಳ್ಳು ಬಿಡು. ಜಡ್ಜನೂ ನಮ್ಮ ಗಿರಣಿ ಶೆಟ್ಟೆಪ್ಪ, ಕೊಲಿಗಡುಕನೂ ನಮ್ಮ ಶೆಟ್ಟೆಪ್ಪ. ಆದ್ರ ರೊಟ್ಟಿ ತಿಂದದ್ದು ಮಾತ್ರ ಖರೇ."

ವಿನೋದಿನಿ ಕೆಳಗಿನ ಚಾ ಹೋಟೆಲಿನ ಪೂವಪ್ಪನ ಹೊಸ ಸೊಸೆ. ಮಂಗಳೂರು ಕಡೆಯಿಂದ ಪರೇಲಿಗೆ ಬಂದು ತಿಂಗಳಾಗಿರಲಿಲ್ಲ. ಮಧ್ಯಾಹ್ನ ಬೇಸರವಾದಾಗ ಮೇಲೆ ಬಂದು ಮುದುಕಿಗೆ ಕೈ ಜೋಡಿಸುತ್ತಿದ್ದಳು.

"ನಿಮ್ಮಲ್ಲಿಗೆ ಒಮ್ಮೆ ಪೊಲೀಸ್ ಬಂದಿತ್ತಂತೆ ಅಲ್ವಾ ಅಜ್ಜಿ? ಮಾವ ಹೇಳಿದ್ರು."

"ಹೇಳ್ಯಾನ? ಅಂವಾ ಮರ್ಯಾದಸ್ಥ ಆದ ಕತಿ ಹೇಳ್ಯಾನೋ ಇಲ್ಲೋ?"

ಇಲ್ಲವೆಂದು ವಿನೋದಿನಿ ತಲೆಯಾಡಿಸಿದಳು. ರಾಚವ್ವ ಬೆಳ್ಳುಳ್ಳಿಯ ಮೊರವನ್ನು ಬದಿಗೆ ಸರಿಸಿ ಕಾಲು ಚಾಚಿ ಕೂತಳು.

ರಾಚವ್ವನ ಖಾನಾವಳಿ ಎಂದರೆ ಆ ಚಾಳಿನ ಎರಡನೆಯ ಮಾಳಿಗೆಯ ಒಂದೂವರೆ ಕೋಣೆ. ಗಂಡ ಸತ್ತ ಮೇಲೆ ಅವಳು ಒಲೆಯನ್ನು ನಂಬಿದಳು, ವಿಜಾಪುರ ಧಾರವಾಡದ ಕಡೆಯಿಂದ ಗಿರಣಿಗೆ ಬಂದ ಗಂಡಸರು ಅವಳ ರೊಟ್ಟಿಯನ್ನು ನಂಬಿದರು. ಪಾಳಿ ಮುಗಿಸಿ ಬಂದವರು ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂರುವುದು ಇಡೀ ಕೋಣೆಯಲ್ಲಿ. ಉಳಿದ ಅರ್ಧ ಕೋಣೆ ಅವಳ ಅಣ್ಣನ ಮಗ ಶಿವಪುತ್ರಪ್ಪನದು. ಅಲ್ಲೊಂದು ಮಂಚ, ಮಂಚದ ಮೇಲೆ ಕಾಯಿದೆಯ ಪುಸ್ತಕಗಳು, ಮಂಚದ ಕೆಳಗೆ ಜೋಳದ ಅಂಬಲಿಯ ಗಡಿಗೆ. ಬೇಸಿಗೆಯಲ್ಲಿ ಅಂಬಲಿ ಹದವಾಗಿ ಹುಳಿಯಲು ಅಷ್ಟು ತಂಪಾದ ಜಾಗ ಇಡೀ ಪರೇಲಿನಲ್ಲೇ ಇಲ್ಲವೆಂದು ರಾಚವ್ವ ಹೇಳುತ್ತಿದ್ದಳು.

ಹಗಲು ಒಂದು ಕಚೇರಿಯಲ್ಲಿ ಕಾರಕೂನಿಕೆ ಮಾಡಿಕೊಂಡಿದ್ದ ಶಿವಪುತ್ರಪ್ಪ ವಕೀಲಿ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಡುಮುಕಿ ಹೊಡೆದಿದ್ದ. ಈ ಸಲವೂ ಹಾಗೇ ಆದರೆ ಗಂಟುಮೂಟೆ ಕಟ್ಟಿಕೊಂಡು ವಿಜಾಪುರಕ್ಕೆ ಬಂದು ಅರಿವೆ ಅಂಗಡಿಯಲ್ಲಿ ಕೂರತಕ್ಕದ್ದು ಎಂದು ಅವನ ಅಪ್ಪ ಹೇಳಿಕಳಿಸಿದ್ದ. ಮಕ್ಕಳಿಲ್ಲದ ರಾಚವ್ವನಿಗೆ ಆ ಹುಡುಗ ಹೋದರೆ ಮನೆಯಲ್ಲಿ ಮಾತಾಡಲು ರೊಟ್ಟಿಯ ಹಂಚು ಒಂದೇ ಉಳಿಯುತ್ತಿತ್ತು. ಅದನ್ನು ಅವಳು ಬಾಯಿಬಿಟ್ಟು ಹೇಳುವವಳಲ್ಲ. "ನೀ ಫೇಲಾದ್ರ ಗಂಗುಬಾಯಿ ಮುಂದ ನನ್ನ ಮೂಗು ಕೊಯ್ದಂಗ ನೋಡು," ಎನ್ನುತ್ತಿದ್ದಳು. ಗಂಗುಬಾಯಿ ಪಕ್ಕದ ಕೋಣೆಯವಳು. ನಳದ ಪಾಳಿಗಾಗಿ ಜಗಳವಾಡಿ ಮಾತು ಬಿಟ್ಟು ಯಾವ ಕಾಲವಾಗಿತ್ತೋ.

ಶಿವಪುತ್ರಪ್ಪನ ಕಷ್ಟ ಒಂದೇ. ಮನಸ್ಸಿನಲ್ಲಿ ಓದಿದ್ದು ಅವನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ನಾಲ್ಕು ಜನರ ಮುಂದೆ ಬಾಯಿಂದ ಆಡಿದ್ದು ಮಾತ್ರ ಕೈಗೆ ಇಳಿಯುತ್ತಿತ್ತು. ಹಾಗಾಗಿ ಸಂಜೆ ಸಾಲು ಕೂತೊಡನೆ ಖಾನಾವಳಿ ಕೋರ್ಟಾಗುತ್ತಿತ್ತು.

"ಶೆಟ್ಟೆಪ್ಪಾ, ನಿನ್ನ ಪೊಲೀಸರು ಹಿಡದಾರ. ಎಷ್ಟು ತಾಸಿನಾಗ ಮ್ಯಾಜಿಸ್ಟ್ರೇಟರ ಮುಂದ ನಿಲ್ಲಿಸಬೇಕು?"

"ನಾ ಏನ ಮಾಡೀನ್ರೀ ಸಾಹೇಬ್ರ?"

"ಅದು ಪ್ರಶ್ನೆ ಅಲ್ಲೋ."

"ನನಗ ಅದ ಪ್ರಶ್ನೆ ನೋಡ್ರಿ. ನಿನ್ನೆ ಕೊಲಿ ಮಾಡಿಸಿದ್ರಿ, ಮೊನ್ನೆ ದರೋಡಿ. ಒಂದಿನಾ ಸಣ್ಣದೇನರ ಕೊಡ್ರಲ್ಲ, ದುಡದು ಬಂದೀನಿ."

"ಕೊಲಿಗಡುಕಗ ಇನ್ನೊಂದು ರೊಟ್ಟಿ ನೀಡ್ಲೇನೋ?" ಎಂದು ಒಲೆಯ ಮುಂದಿನಿಂದ ರಾಚವ್ವ.

"ಇಪ್ಪತ್ನಾಲ್ಕು ತಾಸಿನಾಗ! ರಾಜ್ಯಘಟನೆ, ಇಪ್ಪತ್ತೆರಡನೇ ಕಲಮು!" ಎಂದು ಶಿವಪುತ್ರಪ್ಪ ತನ್ನ ಪ್ರಶ್ನೆಗೆ ತಾನೇ ಉತ್ತರ ಕೊಟ್ಟು ತಾಟು ಗುದ್ದುತ್ತಿದ್ದ. ಪಲ್ಯ ಹಾರಿ ಬಿದ್ದರೆ ಉತ್ತರ ಸರಿ ಎಂದು ಉಣ್ಣುವವರು ತಿಳಿದಿದ್ದರು.

ರಾಚವ್ವನಿಗೆ ಮೆಚ್ಚಿನ ಕಲಮು ಬೇರೆ ಇತ್ತು. ಪೊಲೀಸರು ಮನೆಯ ಝಡತಿ, ಎಂದರೆ ಶೋಧ, ಮಾಡುವಾಗ ಆ ಓಣಿಯ ಇಬ್ಬರು ಮರ್ಯಾದಸ್ಥರು ಸಾಕ್ಷಿಗೆ ನಿಂತು ಪಂಚನಾಮೆಗೆ ಸಹಿ ಮಾಡಬೇಕು. ಅದನ್ನು ಕೇಳಿದಾಗಲೆಲ್ಲ ಅವಳು ಲಟ್ಟಣಿಗೆ ಎತ್ತಿ, "ನಮ್ಮ ಓಣ್ಯಾಗ ಇಬ್ಬರನ್ನ ಎಲ್ಲಿಂದ ತರೂದೋ? ಘಾಟ್ಕೋಪರಿನಿಂದ ಗಾಡಿ ಹತ್ತಿಸಿ ತರಬೇಕಾದೀತು," ಎನ್ನುವಳು. ಸಾಲಿನಲ್ಲಿದ್ದವರೆಲ್ಲ ನಕ್ಕು, ಆಮೇಲೆ ಆ ಮಾತು ತಮಗೇ ಹೇಳಿದ್ದೆಂದು ಹೊಳೆದು ತಾಟಿಗೆ ಬಗ್ಗುವರು.

ಪರೀಕ್ಷೆಯ ಹಿಂದಿನ ಸಂಜೆ ಹವಾಲ್ದಾರ ಕದಮ ಬಂದ. ಅದು ದಾರೂಬಂದಿಯ ಕಾಲ, ಮನೆಯಲ್ಲಿ ಹೆಂಡ ಸಿಕ್ಕರೆ ಜೈಲು. ಹಿಂದಿನ ಚಾಳಿನಲ್ಲಿ ಕಳ್ಳಭಟ್ಟಿ ಸಿಕ್ಕಿತ್ತು, ಓಣಿಯ ಮನೆಮನೆಯನ್ನೂ ನೋಡಿ ಬಾ ಎಂದು ಫೌಜದಾರ ಅವನನ್ನು ಅಟ್ಟಿದ್ದ. ಕದಮ ಸಾಂಗಲಿಯ ಕಡೆಯವನು, ಕನ್ನಡ ಬರುತ್ತಿತ್ತು. ಸುಸ್ತಾಗಿದ್ದ. ನೋಡಿದಂತೆ ಮಾಡಲು ಮಂಚದ ಕೆಳಗೆ ಬಗ್ಗಿದ, ಗಡಿಗೆಯ ಬಾಯಿಗೆ ಕಟ್ಟಿದ ಅರಿವೆ ಬಿಚ್ಚಿದ, ಮೂಸಿದ. ಮುಖ ಹಬ್ಬವಾಯಿತು.

"ಅರೇ, ಆಂಬೀಲ! ನಮ್ಮ ಆಯಿ ಮಾಡತಿದ್ಲು ಹಿಂಗ. ಆಜೀ, ಒಂದ ಪ್ಯಾಲಾ ಕೊಡ್ರಿ, ಕುಡದು ಹೋಗತೇನಿ."

ರಾಚವ್ವ ತಂಬಿಗೆಯಲ್ಲಿ ಅಂಬಲಿ ತುಂಬಿ ಉಪ್ಪು ಹಾಕಿ ಕೈಗೆ ಕೊಟ್ಟೇಬಿಟ್ಟಿದ್ದಳು. ಅಷ್ಟರಲ್ಲಿ ಶಿವಪುತ್ರಪ್ಪ ಪುಸ್ತಕ ಹಿಡಿದು ಎದ್ದುನಿಂತ.

"ಕುಡೀಬ್ಯಾಡ್ರಿ! ಝಡತಿಯೊಳಗ ಸಿಕ್ಕ ಮಾಲು ಅದು. ಪುರಾವೆ. ಪುರಾವೆ ಕುಡಿಯೂ ಅಧಿಕಾರ ನಿಮಗ ಯಾವ ಕಲಮು ಕೊಟ್ಟೈತಿ? ಮೊದಲನೇದು, ಓಣಿಯ ಇಬ್ಬರು ಮರ್ಯಾದಸ್ಥರು ಇಲ್ಲದ ನೀವು ಅರಿವಿ ಬಿಚ್ಚಿದ್ದ ತಪ್ಪು."

"ಲೇ, ಅಂಬಲಿ ಕುಡದು ಹೋಗ್ಲಿ ಬಿಡೋ," ಎಂದಳು ರಾಚವ್ವ.

"ನೀ ಸುಮ್ಮನಿರು ಅತ್ತಿ. ನಾಳೆ ಪರೀಕ್ಷಾದಾಗ ಇದನ್ನ ಕೇಳಿದ್ರ?"

ಹವಾಲ್ದಾರ ತಂಬಿಗೆಯನ್ನು ಬಾಯಿಯ ಹತ್ತಿರದಿಂದ ಇಳಿಸಿದ. ಬಾಯಾರಿದವನ ಬಾಯಿಂದ ಅಂಬಲಿ ಕಸಿದರೆ ಸಾಧುವೂ ಸಾಧುವಾಗಿ ಉಳಿಯುವುದಿಲ್ಲ. ಇವನು ಮೊದಲೇ ಪೊಲೀಸು.

"ಕಾಯ್ದಾ ಪಾಹಿಜೆ? ಕಾಯ್ದಾ ಬೇಕಲ್ಲಾ? ಠೀಕ. ಕಾಯ್ದಾ ಪ್ರಕಾರನ ಮಾಡೂಣು. ಕರೀರಿ ಇಬ್ಬರನ್ನ."

ಕರೆಯುವುದೇನು ಬಂತು, ಗ್ಯಾಲರಿಯಲ್ಲಿ ಇಡೀ ಚಾಳು ನೆರೆದಿತ್ತು. ಮರ್ಯಾದಸ್ಥರು ಬೇಕಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಒಬ್ಬ ಅಂಗಿಯ ಗುಂಡಿ ಹಾಕಿಕೊಂಡ, ಇನ್ನೊಬ್ಬ ಬೀಡಿ ಕಾಲಡಿಗೆ ಹಾಕಿದ. ಗಂಗುಬಾಯಿ ಸೆರಗು ಸರಿಮಾಡಿಕೊಂಡು ಮುಂದೆ ಬಂದು ನಿಂತಳು. ಹವಾಲ್ದಾರ ಅವಳ ತಲೆಯ ಮೇಲಿಂದ ನೋಡಿ, ಚಾದ ಗ್ಲಾಸು ಒಯ್ಯಲು ಬಂದಿದ್ದ ಪೂವಪ್ಪನನ್ನೂ ಕೈ ತೊಳೆಯುತ್ತಿದ್ದ ಶೆಟ್ಟೆಪ್ಪನನ್ನೂ ಕರೆದ.

"ಮತ್ತ ನಾ ಏನು?" ಎಂದಳು ಗಂಗುಬಾಯಿ.

"ಇಬ್ಬರ ಸಾಕು ಬಾಯೀ."

"ಸಾಕಂದ್ರ? ಉಳದವರೆಲ್ಲ ಮಾನಗೇಡಿಗಳೇನು?" ಅವಳು ಬಾಗಿಲು ಬಡಿದುಕೊಂಡ ರಭಸಕ್ಕೆ ಪರೇಲಿನ ಗಿರಣಿಗಳೆಲ್ಲ ಒಂದು ಗಳಿಗೆ ನಿಂತವು ಎಂಬುದು ರಾಚವ್ವನ ಲೆಕ್ಕ.

ಪೂವಪ್ಪ ಮೊದಲು ಕೈಯನ್ನೇ ಹಿಂದೆ ಎಳೆದುಕೊಂಡ. "ಪೊಲೀಸಿನ ಕಾಗದಕ್ಕೆ ನಾನು ಸೈ ಹಾಕ್ಲಿಕ್ಕಿಲ್ಲ ಮಾರಾಯ್ರೇ." ಹವಾಲ್ದಾರ ಬರೆದಿದ್ದನ್ನು ಓದಿದ: ಈ ಓಣಿಯ ಮರ್ಯಾದಸ್ಥ ಗೃಹಸ್ಥರಾದ ಶ್ರೀ ಪೂವಪ್ಪನವರು. ಪೂವಪ್ಪನ ಬೆನ್ನು ನೆಟ್ಟಗಾಯಿತು. "ಅದನ್ನು ಇನ್ನೊಮ್ಮೆ ಓದಿ ನೋಡುವಾ," ಎಂದ. ಅಲ್ಲಿಗೆ ಮುಗಿಯಿತು. ಮರ್ಯಾದಸ್ಥನನ್ನು ಕರೆದ ಮೇಲೆ ಬರಿಗೈಯಲ್ಲಿ ಕಳಿಸಲಾದೀತೇ, ಅವನೂ ಏನಾದರೂ ಕಂಡುಹಿಡಿಯಬೇಕಲ್ಲ. ಗಡಿಗೆಗೆ ಮೂಗು ಒಡ್ಡಿದ. ಕರಾವಳಿಯವನು, ಜೋಳವನ್ನೇ ಕಾಣದೆ ಬೆಳೆದವನು, ಹುಳಿ ಅಂಬಲಿ ಮೂಸಿದ್ದು ಅದೇ ಮೊದಲು.

"ಸತ್ಯ ಹೇಳ್ಬೇಕಲ್ಲ, ಇದು ಕಳ್ಳಿನ ವಾಸನೆಯೇ."

"ಏ ಪೂವಪ್ಪಾ! ಕಳ್ಳಿನ ವಾಸನಿ ನಿನಗ ಹ್ಯಾಂಗ ಗೊತ್ತೋ?" ಎಂದಳು ರಾಚವ್ವ. ಗ್ಯಾಲರಿ ಘೊಳ್ಳೆಂದಿತು. ಆದರೆ ಮಾತು ಕಾಗದಕ್ಕೆ ಇಳಿದಾಗಿತ್ತು.

ಶೆಟ್ಟೆಪ್ಪನ ಸರದಿ. ಇಷ್ಟು ದಿನ ಕೊಲೆಗಡುಕನಾಗಿದ್ದವನು ಇಂದು ಮರ್ಯಾದಸ್ಥನಾದ ಸಂಭ್ರಮಕ್ಕೆ ಅವನು ಎರಡೂ ಕೈ ಜೋಡಿಸಿ ನಿಂತಿದ್ದ.

"ದಿನಾ ಕುಡೀತೀ ಏನು ಇದನ್ನ?"

"ದಿನಾ ಕುಡೀತೀನ್ರಿ."

"ಕುಡದ ಮ್ಯಾಲ?"

"ಕಣ್ಣು ಎಳೀತಾವ ನೋಡ್ರಿ. ಗಡದ್ದಾಗಿ ನಿದ್ದಿ."

ಅದನ್ನೂ ಹವಾಲ್ದಾರ ಬರೆದುಕೊಂಡ. ಈಗ ಅವನ ಮುಖವೂ ಸಪ್ಪಗಾಯಿತು. ಅಂಬಲಿ ಎಂದು ಅವನ ನಾಲಿಗೆಗೆ ಗೊತ್ತು, ಕಳ್ಳು ಎಂದು ಅವನ ಕಾಗದ ಹೇಳುತ್ತಿದೆ. ಕಾಯಿದೆಯಲ್ಲಿ ನಾಲಿಗೆಗೆ ಜಾಗವಿರಲಿಲ್ಲ. ಗಡಿಗೆಯ ಬಾಯಿ ಮುಚ್ಚಿ ಅರಗಿನ ಮೊಹರು ಹಾಕಿದ.

"ಗಡಿಗಿ ನಿಮ್ದಲ್ಲಾ ಆಜೀ? ನಡೀರಿ ಹಂಗಾರ ಠಾಣೆಗೆ."

ಶಿವಪುತ್ರಪ್ಪನ ಮುಖದ ರಕ್ತ ಇಳಿಯಿತು. ಮರುಗಳಿಗೆಗೆ ಏರಿತು. "ಗಡಿಗಿ ಯಾರದಂಬೂದು ಪ್ರಶ್ನೆ ಅಲ್ಲ! ಯಾರ ತಾಬೇದಾಗ ಇತ್ತು ಅಂಬೂದು ಪ್ರಶ್ನೆ. ಕೋಣಿ ನಂದು. ಮಂಚ ನಂದು. ನನ್ನ ಕೇಳದ ಒಳಗ ಯಾರೂ ಕಾಲಿಡಂಗಿಲ್ಲ, ನಮ್ಮತ್ತಿ ಸೈತ. ಗಡಿಗಿ ಅಲ್ಲಿ ಐತಿ ಅಂತ ನನಗ ಗೊತ್ತಿತ್ತು. ಅಂದಮ್ಯಾಲ ಈ ಮುದುಕಿನ್ನ ಯಾವ ಆಧಾರದ ಮ್ಯಾಲ ಹಿಡೀತೀರಿ?"

ಅವನು ಹಾಗೆ ಎಂದೂ ಮಾತಾಡಿರಲಿಲ್ಲ. ತಡವರಿಕೆ ಇಲ್ಲ, ಪುಸ್ತಕದ ಕಡೆ ಕಣ್ಣಿಲ್ಲ. ಗ್ಯಾಲರಿಯಲ್ಲಿ ಯಾರೋ ಚಪ್ಪಾಳೆ ಹೊಡೆದರು. ಮುದುಕಿ ಎಂದದ್ದನ್ನು ಕೂಡ ರಾಚವ್ವ ಆ ಹೊತ್ತಿಗೆ ಮಾಫಿ ಮಾಡಿದಳು.

"ಪಟ್ಲ," ಎಂದ ಹವಾಲ್ದಾರ, ತಲೆದೂಗಿ. "ಒಪ್ಪಿದೆ. ಆಜಿನ್ನ ಬಿಟ್ಟೆ. ನೀ ನಡೀ."

ಮೊದಲನೆಯ ಮೊಕದ್ದಮೆಯನ್ನು ಗೆದ್ದ ವಕೀಲ ಬಾಯಿ ತೆರೆದು ನಿಂತ. "ನಾಳೆ ಮುಂಜಾನೆ ನನ್ನ ಪರೀಕ್ಷಾ..."

"ಮ್ಯಾಜಿಸ್ಟ್ರೇಟರ ಮುಂದ ಎಷ್ಟು ತಾಸಿನಾಗ ನಿಲ್ಲಿಸಬೇಕು?"

"ಇಪ್ಪತ್ನಾಲ್ಕು ತಾಸಿನಾಗ," ಎಂದಿತು ಅವನ ನಾಲಿಗೆ, ರೂಢಿಯಂತೆ.

"ಹಾಂ. ಅಂದ್ರ ನಾಳೆ ಸಂಜೀತನಕ ನನಗ ವ್ಯಾಳ್ಯಾ ಐತಿ."

ಬೆಳಗಾಗುತ್ತಲೇ ರಾಚವ್ವ ರೊಟ್ಟಿಯ ಗಂಟು ಹಿಡಿದು ಠಾಣೆಯಲ್ಲಿದ್ದಳು. ಫೌಜದಾರ ಕೆಟ್ಟವನಲ್ಲ. ಹುಡುಗನ ಪರೀಕ್ಷೆಯ ಮಾತು ಕೇಳಿ, ಓಣಿಯ ಮರ್ಯಾದಸ್ಥರೊಬ್ಬರು ಜಾಮೀನು ನಿಂತರೆ ಈಗಲೇ ಬಿಡುತ್ತೇನೆ ಎಂದ. ಆದರೆ ಪಂಚನಾಮೆಗೆ ಸಹಿ ಮಾಡಿದ ಇಬ್ಬರು ಬೇಡ, ಅವರು ಸರ್ಕಾರದ ಕಡೆಯ ಸಾಕ್ಷಿಗಳು. ಆರೋಪಿಯ ಅತ್ತೆಯೂ ಬೇಡ.

ಚಾಳಿನ ಗಂಡಸರು ಆಗಲೇ ಗಿರಣಿಗೆ ಹೊರಟುಹೋಗಿದ್ದರು. ಉಳಿದವಳು ಗಂಗುಬಾಯಿ. ಅವಳ ಕಾಲು ಹಿಡಿದರೆ ಖುಷಿಗೇ ಇಲ್ಲ ಎಂದಾಳು, ರಾಚವ್ವನಿಗೆ ಅದು ಗೊತ್ತು. ಚಾಳಿಗೆ ಮರಳಿ ನಳದ ಹತ್ತಿರ ಹೋಗಿ ಖಾಲಿ ಕೊಡ ಕುಕ್ಕಿ, ಯಾರೂ ಇಲ್ಲದ ಗ್ಯಾಲರಿಗೆ ಕೂಗಿ ಹೇಳಿದಳು:

"ಜಾಮೀನಿಗೆ ಮರ್ಯಾದಸ್ಥರು ಬೇಕಂತ! ನಮ್ಮ ಚಾಳಿನ್ಯಾಗ ಇದ್ದವರ ಇಬ್ಬರು, ತೀರಿತು. ಮೂರನೇದವರು ಹುಡುಕಿದ್ರೂ ಸಿಗಂಗಿಲ್ಲಂತ ಹವಾಲ್ದಾರ ಬರಕೊಂಡು ಕುಂತಾನ. ಅಂವನ ಮಾತಿಗೆ ನಾ ಏನ ಹೇಳ್ಲಿ?"

ಒಳಗೆ ಪಾತ್ರೆಯೊಂದು ಉರುಳಿದ ಸದ್ದಾಯಿತು. ಮೂಗಿನಲ್ಲಿ ನತ್ತು, ಮೈಮೇಲೆ ಮದುವೆಯ ಇಳಕಲ್ಲ ಸೀರೆ, ಗಂಗುಬಾಯಿ ಹೊರಗೆ ಬಂದಳು. ರಾಚವ್ವನ ಕಡೆ ತಿರುಗಿಯೂ ನೋಡದೆ ಠಾಣೆಗೆ ನಡೆದಳು, ಮೇಜು ಬಡಿದಳು.

"ಮೊದಲಿಗೆ ಮರ್ಯಾದಸ್ಥಳು ಅಂತ ಬರೀರಿ. ಆಮ್ಯಾಲ ಹೆಬ್ಬೆಟ್ಟು."

ಬರೆದರು. ಶಿವಪುತ್ರಪ್ಪ ರೊಟ್ಟಿಯ ಗಂಟು ಬಗಲಲ್ಲಿಟ್ಟುಕೊಂಡು ಲೋಕಲ್ ಹಿಡಿಯಲು ಓಡಿದ. ಹೆಗಲ ಮೇಲೆ ಅಂಗಿ ಹರಿದಿತ್ತೋ ಇಲ್ಲವೋ, ರಾಚವ್ವ ಈಗ ಹೇಳುವಾಗ ಹರಿದೇ ಇರುತ್ತದೆ.

ಮಧ್ಯಾಹ್ನ ಹವಾಲ್ದಾರನೇ ಚಾಳಿಗೆ ಬಂದ. ಅರಗಿನಿಂದ ಉಸಿರುಗಟ್ಟಿದ ಅಂಬಲಿ ಠಾಣೆಯ ಸೆಕೆಗೆ ಉಬ್ಬಿ ಉಬ್ಬಿ, ಮೊಹರನ್ನು ಸೂರಿಗೆ ಹಾರಿಸಿ, ತಾನು ಫೌಜದಾರನ ಸಮವಸ್ತ್ರದ ಮೇಲೆ ಇಳಿದಿತ್ತು. ಫೌಜದಾರ ಮೀಸೆಯ ಮೇಲಿನದನ್ನು ನೆಕ್ಕಿ ನೋಡಿ, "ಇದು ಅಂಬಲಿ," ಎಂದನಂತೆ. ಕೇಸು ಮುಗಿಯಿತು. ಹವಾಲ್ದಾರ ಹಿಂದಿನ ಸಂಜೆಯ ತಂಬಿಗೆಯಲ್ಲಿ ಉಳಿದಿದ್ದ ತನ್ನ ಪ್ಯಾಲಾವನ್ನು ಕುಡಿದೇ ಎದ್ದ, ಈ ಸಲ ಯಾವ ಕಲಮೂ ಅಡ್ಡ ಬರಲಿಲ್ಲ.

ಸಂಜೆ ಶಿವಪುತ್ರಪ್ಪ ಬಂದು ತಾಟಿನ ಮುಂದೆ ಕೂತ. ಕೈ ಹಾಕಲಿಲ್ಲ.

"ಐದನೇ ಪ್ರಶ್ನೆ ನಮ್ಮ ಮನೀದ ಇತ್ತು ಅತ್ತಿ. ಹೆಚ್ಚಿನ ಮಾರ್ಕು ಅದರ ಮ್ಯಾಲ. ಪೊಲೀಸ ಒಬ್ಬಂವ ದಾರೂ ಹುಡುಕಾಕ ಮನಿಗೆ ಬರತಾನ, ಮನಿಯಂವ ನಿಯಮದ ಪ್ರಕಾರ ಝಡತಿ ಮಾಡು ಅಂತಾನ, ಅಂವನ್ನ ಹಿಡಕೊಂಡು ಹೋಗತಾರ. ಅಂವನ್ನ ಕಾಪಾಡೂದು ಯಾವುದು, ಕಾರಣ ಕೊಟ್ಟು ಬರೀರಿ ಅಂತ."

"ಮತ್ತ ಏನ ಬರದಿ?"

ಅವನು ಅದನ್ನು ಅತ್ತೆಯ ಕಿವಿಯಲ್ಲಿ ಹೇಳಿದ. ರಾಚವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಒಲೆಯ ಹೊಗೆಯೂ ಇದ್ದಿರಬಹುದು.

"ಏನು ಬರ್ದಿದ್ರು ಅಜ್ಜಿ?" ವಿನೋದಿನಿಯ ಕೈಯಲ್ಲಿ ಬೆಳ್ಳುಳ್ಳಿ ಸುಲಿಯದೆ ಹಾಗೇ ಉಳಿದಿತ್ತು. "ಪಾಸಾದ್ರಾ? ನಾನು ಅವರನ್ನು ನೋಡಿಯೇ ಇಲ್ಲವಲ್ಲ."

"ನೋಡಿಲ್ಲಾ? ಛಲೋ ಆತು, ಹಂಗಾರ ನೀನ ಪೇಪರ ತಿದ್ದೂ ಮಾಸ್ತರ. ಕಲಮು ಬರದ್ರ ಪುಸ್ತಕದ ಪ್ರಕಾರ ಖರೇ, ಆದ್ರ ಕಲಮು ಅಂವನ್ನ ಒಳಗ ಹಾಕಿಸಿತ್ತು. ಗಂಗುಬಾಯಿ ಸಿಟ್ಟು ಬರದ್ರ ನಡದ ಪ್ರಕಾರ ಖರೇ, ಆದ್ರ ಸಿಟ್ಟಿಗೆ ಕಲಮಿಲ್ಲ. ಬಾಯಿಂದ ನಾಕ ಮಂದಿ ಮುಂದ ಆಡಿದ್ದಷ್ಟ ಬರೀತಿದ್ದ ಹುಡುಗ, ಪೊಲೀಸ ಠಾಣೆಯಿಂದ ನೆಟ್ಟಗ ಹೋಗಿ ಪೆನ್ನು ಹಿಡದಾನ." ರಾಚವ್ವ ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು. "ಹೇಳು ಮತ್ತ, ಏನ ಬರದಿದ್ದಾನು? ಪಾಸೋ, ಫೇಲೋ?"