ಪ್ರಶ್ನೆ ಉದ್ಭವಿಸುವುದಿಲ್ಲ

ದೆಹಲಿಯಲ್ಲಿ ಕನ್ನಡ ಪತ್ರಿಕೆ ನಡೆಸುವುದಕ್ಕೆ ತಲೆ ಇರಬೇಕೆಂದೇನಿಲ್ಲ, ಹಟ ಇದ್ದರೆ ಸಾಕು. ಹಟ ನನ್ನಲ್ಲಿ ಧಾರಾಳವಾಗಿದೆ. ಹೀಗಾಗಿ ದೆಹಲಿಗೆ ಅಂಟಿಕೊಂಡ ಇಂದಿರಾಪುರಂನ ನಮ್ಮ ಕನ್ನಡ ಬಳಗದವರು ‘ಯಮುನೆಯಾಚೆ’ ಎಂಬ ಮಾಸಪತ್ರಿಕೆಯನ್ನು ನನ್ನ ತಲೆಗೆ ಕಟ್ಟಿ, ಲೀಲಾವತಿ ಮೇಡಂ ಇದ್ದಾರಲ್ಲ ಎಂದು ನಿಶ್ಚಿಂತರಾಗಿದ್ದಾರೆ. ಬಳಗದ ಸುದ್ದಿ, ಹುಟ್ಟುಹಬ್ಬದ ಶುಭಾಶಯ, ಚಾಣಕ್ಯಪುರಿಯಲ್ಲಿರುವ ನಮ್ಮ ರಾಜ್ಯದ ಭವನಕ್ಕೆ ಬಂದ ಯಾರೋ ಗಣ್ಯರ ಪಕ್ಕ ನಿಂತು ನಮ್ಮವರು ತೆಗೆಸಿಕೊಂಡ ಫೋಟೊ, ಇವೆಲ್ಲ ಅದರಲ್ಲಿ ಇರುತ್ತವೆ. ಆದರೆ ಜನ ನಿಜವಾಗಿ ಓದುವುದು ‘ವಿಶ್ವ ವಿಚಾರ’ ಎಂಬ ಒಂದೇ ಪುಟವನ್ನು. ಸೃಷ್ಟಿ, ನಕ್ಷತ್ರ, ಕಾಲ, ಬೆಳಕು, ಯಾವುದರ ಬಗ್ಗೆಯಾದರೂ ಓದುಗರು ಕೇಳಬಹುದು. ನಾವು ಉತ್ತರಿಸುತ್ತೇವೆ.

ಮೊದಲು ಈ ಪುಟವನ್ನು ಧಾರಿಣಿ ಬರೆಯುತ್ತಿದ್ದಳು. ಅವಳು ಸಂಶೋಧನಾ ಸಂಸ್ಥೆಯೊಂದರಲ್ಲಿ ಭೌತವಿಜ್ಞಾನಿ, ಮನೆ ನಮ್ಮ ಸೊಸೈಟಿಯಲ್ಲೇ. ರಾತ್ರಿ ಆಕಾಶ ಯಾಕೆ ಕಪ್ಪು ಎಂದು ಯಾರಾದರೂ ಕೇಳಿದರೆ ಮೂರು ಪುಟ ಬರೆದು ಕೊನೆಗೆ ಒಂದು ಸಮೀಕರಣ ಇಡುತ್ತಿದ್ದಳು. ಸಮೀಕರಣ ಕಂಡ ಕೂಡಲೇ ನಮ್ಮ ಓದುಗರು ಅಡುಗೆ ಪುಟಕ್ಕೆ ಹಾರುತ್ತಿದ್ದರು. ಕಡೆಗೊಮ್ಮೆ ಒಬ್ಬರು, ಗುರುತ್ವದ ಅಲೆಗಳಿಂದಾಗಿ ತಮ್ಮ ಮಗಳ ಮದುವೆ ತಡವಾಗುತ್ತಿದೆಯೇ ಎಂದು ಕೇಳಿದರು. ಧಾರಿಣಿ ನನಗೆ ಕೈ ಮುಗಿದು ಪುಟ ಬಿಟ್ಟಳು.

ಆಗ ತಾವಾಗಿಯೇ ಮುಂದೆ ಬಂದವರು ದಕ್ಷಿಣಾಮೂರ್ತಿಗಳು. ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಉಪಕಾರ್ಯದರ್ಶಿಯಾಗಿ ನಿವೃತ್ತರಾದವರು. ಅವರ ನೌಕರಿಯ ಬಹುಭಾಗ ಕಳೆದದ್ದು ಸಂಸತ್ತಿನ ಪ್ರಶ್ನೆಗಳಿಗೆ ಉತ್ತರ ಬರೆಯುವುದರಲ್ಲಿ. ಸಂಸದರು ಏನೇ ಕೇಳಲಿ, ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಭೌತವಿಜ್ಞಾನ ಓದಿದ್ದೀರಾ ಎಂದು ವಿಚಾರಿಸಿದೆ. ಪಿಯುಸಿಯಲ್ಲಿ ಓದಿದ್ದೆ ಎಂದರು. ನನ್ನ ಮುಖ ಸಪ್ಪಗಾದದ್ದು ನೋಡಿ ಅವರೇ ಸಮಾಧಾನ ಹೇಳಿದರು: “ಉತ್ತರ ಕೊಡೋಕೆ ವಿಷಯ ಗೊತ್ತಿರಬೇಕು ಅಂತೇನಿಲ್ಲ ಮೇಡಂ. ಉತ್ತರ ಗೊತ್ತಿದ್ರೆ ಸಾಕು.”

ಮೊದಲ ತಿಂಗಳು ಬಂದ ಪ್ರಶ್ನೆ, ಮಹಾಸ್ಫೋಟಕ್ಕೆ ಮುಂಚೆ ಏನಿತ್ತು ಎಂಬುದು. ಮೂರ್ತಿಗಳು ಬರೆದುಕೊಟ್ಟರು: ‘ಪ್ರಶ್ನೆ ಉದ್ಭವಿಸುವುದಿಲ್ಲ.’

ಅಷ್ಟೇ. ಪುಟದ ಉಳಿದ ಜಾಗಕ್ಕೆ ನಾನು ಏನು ತುಂಬಬೇಕು? ಕುದ್ದುಹೋದೆ. ಹಾಳೆ ಹಿಡಿದು ನೇರ ಧಾರಿಣಿಯ ಮನೆಗೆ ಹೋದೆ. ಅವಳು ಓದಿದಳು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದಳು. ಕಾಲವೇ ಅಲ್ಲಿಂದ ಶುರುವಾಗಿದ್ದರೆ ‘ಮುಂಚೆ’ ಎಂಬ ಮಾತಿಗೇ ಅರ್ಥವಿಲ್ಲ, ದೊಡ್ಡ ದೊಡ್ಡವರು ಹೇಳುವುದೂ ಇದನ್ನೇ ಎಂದಳು. “ಇದನ್ನ ಹೇಳೋಕೆ ನಾನು ಮೂರು ಪುಟ ತಗೋತಿದ್ದೆ ಆಂಟಿ” ಎನ್ನುವಾಗ ಅವಳ ದನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ಅಲ್ಲಿಂದ ಮೂರ್ತಿಗಳನ್ನು ಹಿಡಿಯುವವರಿಲ್ಲ. ಬ್ರಹ್ಮಾಂಡದ ತುಂಬ ಇದೆ ಎನ್ನುವ ಕಪ್ಪು ದ್ರವ್ಯ ಎಂದರೇನು? ‘ಮಾಹಿತಿ ಸಂಗ್ರಹಿಸಲಾಗುತ್ತಿದ್ದು, ಸದನದ ಮುಂದೆ ಇಡಲಾಗುವುದು.’ ಜಗತ್ತಿನ ಎಲ್ಲ ಪ್ರಯೋಗಾಲಯಗಳ ಸ್ಥಿತಿಯೂ ಸದ್ಯಕ್ಕೆ ಇಷ್ಟೇ ಎಂದಳು ಧಾರಿಣಿ. ಬೇರೆ ಗ್ರಹಗಳಲ್ಲಿ ಜೀವಿಗಳಿವೆಯೇ? ‘ಅಂಥ ಯಾವುದೇ ಪ್ರಕರಣ ಗಮನಕ್ಕೆ ಬಂದಿಲ್ಲ.’ ಇದೂ ಸರಿ. ನಮ್ಮ ಭಾನುವಾರದ ಕನ್ನಡ ಕ್ಲಾಸಿನ ಪುಟ್ಟ ಪ್ರೇರಣಾ, “ಬ್ಲ್ಯಾಕ್ ಹೋಲ್ ಒಳಗೆ ಬಿದ್ರೆ ವಾಪಸ್ ಕೈಸೆ ಬರೋದು ಅಂಕಲ್?” ಎಂದು ಹಿಂದಿ ಬೆರೆಸಿ ಕೇಳಿದ್ದಕ್ಕೆ, ‘ಅಂಥ ಯಾವುದೇ ಪ್ರಸ್ತಾವನೆ ಪರಿಶೀಲನೆಯಲ್ಲಿಲ್ಲ’ ಎಂದು ಉತ್ತರ ಬಂತು. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನೇ ಕಸುಬು ಮಾಡಿಕೊಂಡವರಿಗೆ ಇಡೀ ಬ್ರಹ್ಮಾಂಡವೇ ಅಡ್ಡಗೋಡೆಯಾಗಿ ಸಿಕ್ಕಿತ್ತು. ಬಳಗ ಅವರಿಗೆ ಶಾಲು ಹೊದಿಸಿ ಸನ್ಮಾನ ಮಾಡಿತು.

ನಾವು ನೋಡುವ ನಕ್ಷತ್ರದ ಬೆಳಕು ಹಳೆಯದಂತೆ, ಹೌದೇ ಎಂದು ಒಬ್ಬರು ಕೇಳಿದಾಗ ಮೂರ್ತಿಗಳು ಎಂದಿಗಿಂತ ಉದಾರವಾಗಿ ಬರೆದರು: ‘ನಕ್ಷತ್ರಗಳ ಬೆಳಕು ಇಲ್ಲಿಗೆ ತಲುಪುವಲ್ಲಿ ವಿಳಂಬವಾಗುತ್ತಿರುವುದು ನಿಜ. ವಿಳಂಬಕ್ಕೆ ದೂರವೇ ಕಾರಣ. ಈ ಸಂಬಂಧ ಯಾವುದೇ ಅಧಿಕಾರಿಯನ್ನು ಹೊಣೆ ಮಾಡಲಾಗಿಲ್ಲ.’ ಓದಿ ಬಳಗವೆಲ್ಲ ನಕ್ಕಿತು.

ಅದನ್ನು ಓದಿದ ಮೇಲೆ ಶಾಂತಮ್ಮನ ಪ್ರಶ್ನೆ ಬಂತು.

ಶಾಂತಮ್ಮ ಪಕ್ಕದ ಟವರಿನವರು, ಮಗಳು ಸಿಂಧೂರಳ ಜೊತೆ ಇದ್ದಾರೆ. ಬಳಗದ ಸಭೆಗೆ ಬಂದರೆ ಹಿಂದಿನ ಸಾಲಿನಲ್ಲಿ ಕೂತು ಸ್ವೆಟರ್ ಹೆಣೆಯುತ್ತಾರೆ, ಮಾತು ಕಡಿಮೆ. ಗಂಡ ಶಂಕರಪ್ಪ ಹೋದ ಚಳಿಗಾಲಕ್ಕಿಂತ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಪ್ರಶ್ನೆಯನ್ನು ವಾಟ್ಸ್ಯಾಪಿನಲ್ಲಿ ಕಳಿಸಿದ್ದರು: ‘(ಅ) ನಕ್ಷತ್ರದ ಹಳೆಯ ಬೆಳಕು ನಮಗೆ ಈಗ ಕಾಣುವುದಾದರೆ, ಅಲ್ಲಿಂದ ಯಾರಾದರೂ ಈ ಕಡೆ ನೋಡಿದಾಗ ನಮ್ಮ ಹಳೆಯ ಕಾಲ ಅವರಿಗೆ ಈಗ ಕಾಣುವುದೆ? (ಆ) ಕಾಣುವುದಾದರೆ, ಸರೋಜಿನಿ ನಗರದ ಕ್ವಾರ್ಟರ್ಸಿನ ತಾರಸಿಯ ಮೇಲೆ ಬನಿಯನ್ ಹಾಕಿಕೊಂಡು, ಕೋಲು ಹಿಡಿದು, ಕೋತಿಗಳಿಂದ ಹಪ್ಪಳ ಕಾಯುತ್ತಿರುವವರೊಬ್ಬರು ಅವರಿಗೆ ಇನ್ನೂ ಕಾಣುತ್ತಾರೆಯೆ?’

ಸಂದೇಶದ ತಲೆಯ ಮೇಲೆ ನಕ್ಷತ್ರದಾಕಾರದ ಒಂದು ಚುಕ್ಕೆ ಇತ್ತು. ವಾಟ್ಸ್ಯಾಪ್ ಬಂದ ಮೇಲೆ ನಮ್ಮ ಜನ ಹೂವು, ಬೆಂಕಿ, ಮುಗಿದ ಕೈಗಳಿಲ್ಲದೆ ಒಂದು ವಾಕ್ಯ ಬರೆಯುವುದಿಲ್ಲ. ಅದನ್ನೆಲ್ಲ ಕಿತ್ತು ಹಾಕುವುದೇ ನನ್ನ ಅರ್ಧ ಕೆಲಸ. ಆ ಚುಕ್ಕೆಯನ್ನೂ ಕಿತ್ತು ಹಾಕಿ, ಪ್ರಶ್ನೆಯ ಕೆಳಗೆ ಅವರ ಹೆಸರು ಬರೆದು ಮೂರ್ತಿಗಳಿಗೆ ಕಳಿಸಿದೆ. ಎಂದೂ ಅದೇ ದಿನ ಉತ್ತರಿಸುವವರು ಈ ಸಲ ಸತಾಯಿಸಿದರು. ಪತ್ರಿಕೆ ಅಚ್ಚಿಗೆ ಹೋಗುವ ದಿನ ಉತ್ತರ ಬಂತು: ‘(ಅ) ಹೌದು. (ಆ) ಸದರಿ ಕ್ವಾರ್ಟರ್ಸ್ ಕಟ್ಟಡವನ್ನು ಪುನರಭಿವೃದ್ಧಿಗಾಗಿ ಕೆಡವಲಾಗಿರುವುದರಿಂದ ಪ್ರಶ್ನೆ ಉದ್ಭವಿಸುವುದಿಲ್ಲ.’ ಧಾರಿಣಿ ಪುಣೆಗೆ ಹೋಗಿದ್ದಳು, ತೋರಿಸಲು ಆಗಲಿಲ್ಲ. ಪತ್ರಿಕೆ ಹೊರಬಂತು.

ಮಾರನೆಯ ದಿನವೇ ಶಾಂತಮ್ಮ ಫೋನ್ ಮಾಡಿದರು. ಅವರ ದನಿ ಅಷ್ಟು ಗಟ್ಟಿಯಾಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

“ನನ್ನ ಚುಕ್ಕೆ ಎಲ್ಲಿ ಹೋಯ್ತು ಮೇಡಂ?”

ಆಮೇಲೆ ನನಗೆ ಪಾಠ ಹೇಳಿದರು. ಸಂಸತ್ತಿನಲ್ಲಿ ಎರಡು ಬಗೆಯ ಪ್ರಶ್ನೆಗಳಿರುತ್ತವೆ. ಚುಕ್ಕೆ ಗುರುತಿಲ್ಲದ್ದಕ್ಕೆ ಬರಹದ ಉತ್ತರ ಸಾಕು. ಚುಕ್ಕೆ ಗುರುತು ಇದ್ದರೆ ಮಂತ್ರಿಗಳು ಸದನದಲ್ಲಿ ಎದ್ದು ನಿಂತು ಬಾಯಿಬಿಟ್ಟು ಉತ್ತರಿಸಬೇಕು, ಕೇಳಿದವರು ಅಲ್ಲೇ ಎರಡು ಉಪಪ್ರಶ್ನೆ ಹಾಕಬಹುದು. ಇದೆಲ್ಲ ಅವರಿಗೆ ಹೇಗೆ ಗೊತ್ತು? ಶಂಕರಪ್ಪನವರೂ ಮೂರ್ತಿಗಳೂ ಒಂದೇ ವರ್ಷ ಒಂದೇ ಸಚಿವಾಲಯಕ್ಕೆ ಸೇರಿದವರು. ಸರೋಜಿನಿ ನಗರದಲ್ಲಿ ಒಂದೇ ಬ್ಲಾಕು, ಒಂದೇ ತಾರಸಿ. ಮೂರ್ತಿಗಳು ಮೇಲೇರಿದರು, ಶಂಕರಪ್ಪ ಸೆಕ್ಷನ್ ಆಫೀಸರ್ ಆಗಿಯೇ ಉಳಿದರು, ಆದರೆ ಜೋಡಿ ಮುರಿಯಲಿಲ್ಲ. ಮಂತ್ರಿಗಳು ಉತ್ತರಿಸುವ ದಿನ ಅಧಿಕಾರಿಗಳ ಗ್ಯಾಲರಿಯಲ್ಲಿ ಇಬ್ಬರೂ ಹಿಂದೆ ಮುಂದೆ ಕೂರುತ್ತಿದ್ದರು. ಉಪಪ್ರಶ್ನೆ ಬಿದ್ದ ಕೂಡಲೇ ಮೂರ್ತಿಗಳು ತಿರುಗಿಯೂ ನೋಡದೆ ಕೈ ಹಿಂದಕ್ಕೆ ಚಾಚುವರು. ಶಂಕರಪ್ಪ ಅದರಲ್ಲಿ ಚೀಟಿ ಇಡುವರು. ಚೀಟಿ ಮಂತ್ರಿಗಳಿಗೆ ಹೋಗುವುದು, ದೇಶಕ್ಕೆ ಉತ್ತರ ಸಿಗುವುದು.

ಅಷ್ಟೇ ಅಲ್ಲ. ಬೀಳ್ಕೊಡುಗೆ ಸಮಾರಂಭವಿರಲಿ, ಮಗನ ಮದುವೆಯಲ್ಲಿ ಬೀಗರ ಮುಂದೆ ಎರಡು ಮಾತಿರಲಿ, ಮೂರ್ತಿಗಳಿಗೆ ಬರೆದುಕೊಡುತ್ತಿದ್ದವರು ಶಂಕರಪ್ಪನೇ. ಅಂಥ ಗೆಳೆಯ ಸತ್ತಾಗ ಮೂರ್ತಿಗಳು ಬರಲಿಲ್ಲ. ಒಂದು ಸಂದೇಶ ಕಳಿಸಿದರು, ಅದು ಶಾಂತಮ್ಮನಿಗೆ ಬಾಯಿಪಾಠವಾಗಿತ್ತು: ‘ಶ್ರೀ ಶಂಕರಪ್ಪನವರ ನಿಧನದ ವಿಷಯ ಗಮನಕ್ಕೆ ಬಂದಿದೆ. ತೀವ್ರ ವಿಷಾದ ವ್ಯಕ್ತಪಡಿಸಲಾಗಿದೆ.’

“ಯಾರು ವ್ಯಕ್ತಪಡಿಸಿದ್ದು ಅಂತಾನೂ ಇಲ್ಲ ನೋಡಿ” ಎಂದರು ಶಾಂತಮ್ಮ. ಅವರಿಗೆ ಬೇಕಿದ್ದದ್ದು ಇಷ್ಟೇ: ಮೂರ್ತಿಗಳು ಎದುರಿಗೆ ನಿಂತು, ಬಾಯಿಬಿಟ್ಟು, ಶಂಕರಪ್ಪನ ಬಗ್ಗೆ ಒಂದು ಮಾತು ಆಡಬೇಕು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಯಾರ ತಾರಸಿ, ಯಾರ ಹಪ್ಪಳ ಎಂದು ಈ ಮಹಾನುಭಾವರಿಗೆ ಪ್ರಶ್ನೆ ಓದಿದ ಕೂಡಲೇ ತಿಳಿದಿರಬೇಕು. ತಿಳಿದೇ ಕಟ್ಟಡದ ಹಿಂದೆ ಅಡಗಿಕೊಂಡರು. ಸರಿ, ಮುಂದಿನ ಭಾನುವಾರದ ಸಭೆಗೆ ‘ವಿಶ್ವ ವಿಚಾರ: ಮೌಖಿಕ ಉತ್ತರಗಳು’ ಎಂದು ಕಾರ್ಯಕ್ರಮ ಹಾಕಿದೆ. ಮೂರ್ತಿಗಳು ಹಿಗ್ಗಿ ಒಪ್ಪಿಕೊಂಡರು. ಯಾರು ಕೇಳುತ್ತಾರೆ ಎಂದು ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ.

ಸೊಸೈಟಿಯ ಕಮ್ಯುನಿಟಿ ಹಾಲು ತುಂಬಿತ್ತು. ಹಿಂದೆ ಕೇಟರಿಂಗ್ ಭಯ್ಯಾ ಎಷ್ಟು ಹೇಳಿದರೂ ಕೇಳದೆ ಉಪ್ಪಿಟ್ಟಿಗೆ ಪನೀರು ಹಾಕುತ್ತಿದ್ದ. ಮೂರ್ತಿಗಳು ಸನ್ಮಾನದ ಶಾಲು ಹೊದ್ದು ವೇದಿಕೆಯ ಮೇಲೆ ಕೂತಿದ್ದರು. ನಾಲ್ಕೈದು ಪ್ರಶ್ನೆಗಳು ಸಲೀಸಾಗಿ ಮುಗಿದವು. ಆಮೇಲೆ ನಾನು ಮೈಕು ಹಿಡಿದು ಹಿಂದಿನ ಸಾಲಿಗೆ ಹೋದೆ. ಶಾಂತಮ್ಮ ಹೆಣಿಗೆಯನ್ನು ಕುರ್ಚಿಯ ಮೇಲಿಟ್ಟು ಎದ್ದರು. ಮೂರ್ತಿಗಳ ಮುಖದ ಮೇಲಿನ ನಗು ಹೋಯಿತು. ಆದರೂ ರೂಢಿಯ ಪ್ರಕಾರ ಎದ್ದು ನಿಂತರು.

“ಮೊದಲನೇ ಉಪಪ್ರಶ್ನೆ” ಎಂದರು ಶಾಂತಮ್ಮ. “ಕ್ವಾರ್ಟರ್ಸ್ ಕೆಡವಿದ್ದು ಮೊನ್ನೆ ಮೊನ್ನೆ. ಅವರ ಮೇಲೆ ಬಿದ್ದ ಬೆಳಕು ಅಲ್ಲಿಂದ ಹೊರಟಿದ್ದು ಎಷ್ಟೋ ವರ್ಷ ಮುಂಚೆ. ಮನೆ ಕೆಡವಿದರು ಅಂತ ಹೊರಟ ಬೆಳಕು ಅರ್ಧ ದಾರಿಯಿಂದ ವಾಪಸ್ ಬರುತ್ತಾ ಮೂರ್ತಿಯವರೇ?”

ಮೂರ್ತಿಗಳ ಬಲಗೈ ತಾನಾಗಿ ಹಿಂದಕ್ಕೆ ಹೋಯಿತು. ಅಂಗೈ ಬಿಚ್ಚಿ, ಬೆರಳು ಆಡಿಸುತ್ತಾ ಕಾಯುತ್ತಿತ್ತು. ಹಿಂದೆ ಬಳಗದ ಬ್ಯಾನರು ಬಿಟ್ಟರೆ ಏನೂ ಇರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಧಾರಿಣಿಗೆ ಏನು ಅರ್ಥವಾಯಿತೋ, ಕಾರ್ಯಕ್ರಮ ಪಟ್ಟಿಯ ಮೂಲೆ ಹರಿದು ಏನೋ ಗೀಚಿ, ವೇದಿಕೆ ಹತ್ತಿ ಆ ಕೈಯಲ್ಲಿಟ್ಟಳು. ಮೂರ್ತಿಗಳಿಗೆ ಜೀವ ಬಂತು. ಕನ್ನಡಕ ಏರಿಸಿ, ಎಷ್ಟೋ ಮಂತ್ರಿಗಳು ಓದಿದ್ದ ಹಾಗೆಯೇ ಮುಂದೇನಿದೆ ಎಂದು ನೋಡದೆ ಗಟ್ಟಿಯಾಗಿ ಓದಿಬಿಟ್ಟರು: “ಹೊರಟ ಬೆಳಕು ಹಿಂದಿರುಗುವುದಿಲ್ಲ. ನಿಮ್ಮ ಉತ್ತರ ತಪ್ಪು, ಸರ್.”

ಸಭೆ ಬಿದ್ದು ಬಿದ್ದು ನಕ್ಕಿತು. ಶಾಂತಮ್ಮ ನಗಲಿಲ್ಲ. ಹಾಗಾದರೆ ಅವರು ಅಲ್ಲಿ ಇನ್ನೂ ಹಪ್ಪಳ ಕಾಯುತ್ತಿದ್ದಾರೆಯೇ ಎಂದು ಧಾರಿಣಿಯನ್ನು ಕೇಳಿದರು. ಆ ಬೆಳಕು ಬಹಳ ಕ್ಷೀಣ, ಅಷ್ಟು ದೂರದಿಂದ ನೋಡಬಲ್ಲ ದುರ್ಬೀನು ಯಾರ ಹತ್ತಿರವೂ ಇರಲಾರದು ಎಂದಳು ಧಾರಿಣಿ. ಆಮೇಲೆ ಶಾಂತಮ್ಮನ ಮುಖ ನೋಡಿ, ಆದರೆ ಹೋಗುತ್ತಾ ಇದೆ, ಅದು ಖಂಡಿತ ಎಂದಳು. ಈ ಸಲ ಸಮೀಕರಣ ಇರಲಿಲ್ಲ.

“ಎರಡನೇದು” ಎಂದರು ಶಾಂತಮ್ಮ. “ಅವರು ಹೋದಾಗ ನೀವ್ಯಾಕೆ ಬರಲಿಲ್ಲ?”

ಬಳಗದ ಕಾರ್ಯದರ್ಶಿ ಮಹಂತೇಶ್ ಗಾಬರಿಯಾಗಿ ಎದ್ದು, ಇದು ವಿಶ್ವ ವಿಚಾರಕ್ಕೆ ಸಂಬಂಧಪಟ್ಟದ್ದಲ್ಲ, ಉಪ್ಪಿಟ್ಟು ಆರಿಹೋಗುತ್ತಿದೆ ಎಂದು ಶುರುಮಾಡಿದರು. ಮೂರ್ತಿಗಳು ಅವರ ಕಡೆ ನೋಡಲೂ ಇಲ್ಲ.

“ಕೂತ್ಕೊಳ್ಳಿ ಮಹಂತೇಶ್. ಪ್ರಶ್ನೆ ಉದ್ಭವಿಸುತ್ತೆ.”

ಅವರ ಕೈ ಮತ್ತೆ ಹಿಂದಕ್ಕೆ ಹೋಯಿತು. ಧಾರಿಣಿ ಪೆನ್ನು ಹಿಡಿದುಕೊಂಡೇ ಇದ್ದಳು, ಬರೆಯಲು ಏನೂ ಇರಲಿಲ್ಲ. ಇವರನ್ನು ಎಲ್ಲರೆದುರು ಸಿಕ್ಕಿಹಾಕಿಸಬೇಕೆಂದು ಕಾರ್ಯಕ್ರಮ ಹಾಕಿದ್ದವಳು ನಾನು. ಆ ಖಾಲಿ ಕೈ ನೋಡಿ ನನ್ನ ಸಿಟ್ಟು ಎಲ್ಲಿ ಹೋಯಿತೋ, ಕಣ್ಣು ತುಂಬಿಬಂತು. ಯಾರಾದರೂ ಒಂದು ಚೀಟಿ ಇಡಬಾರದೇ ಅನ್ನಿಸಿತು. ಕೊನೆಗೆ ಮೂರ್ತಿಗಳು ಕೈಯನ್ನು ಮುಂದಕ್ಕೆ ತಂದು, ಅಂಗೈಯನ್ನೇ ನೋಡುತ್ತಾ ಮಾತಾಡಿದರು.

“ಬಂದಿದ್ದೆ ಅತ್ತಿಗೆ. ನಿಮ್ಮ ಮನೆ ಬಾಗಿಲವರೆಗೂ ಬಂದು, ಅದೇ ಲಿಫ್ಟಲ್ಲಿ ಇಳಿದು ಹೋದೆ. ಏನು ಹೇಳಬೇಕು ಅಂತ ಗೊತ್ತಾಗ್ಲಿಲ್ಲ. ಏನು ಹೇಳಬೇಕು ಅಂತ ಯಾವಾಗ್ಲೂ ಬರೆದುಕೊಡ್ತಿದ್ದವನು ಅವನೇ ಅಲ್ವಾ.”

ಶಾಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಇಷ್ಟನ್ನೇ ಅವತ್ತು ಬಂದು ಹೇಳಿದ್ರೆ ಸಾಕಿತ್ತು” ಎಂದು ಮೈಕನ್ನು ನನ್ನ ಕೈಗೆ ಕೊಟ್ಟು, ಹೆಣಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.