ಬಾಯಿ ತುಂಬ ನೀರು

ನಾನು ನನ್ನ ಅತ್ತೆಯ ಕೆನ್ನೆಗೆ ಹೊಡೆದೆ. ಊರೆಲ್ಲ ಇದನ್ನು ಹೇಳಿಕೊಂಡು ತಿರುಗುತ್ತದೆ, ನಾನೂ ಹೇಳುತ್ತೇನೆ. ಯಾಕೆ ಹೊಡೆದೆ ಎನ್ನುವುದನ್ನು ಮಾತ್ರ ಊರು ನುಂಗಿಬಿಡುತ್ತದೆ.

ಕರಾತಾವ್ ಬೆಟ್ಟದ ಬುಡದಲ್ಲಿ ನಮ್ಮದು ರಂಜಕದ ಕಾರ್ಖಾನೆಯ ಊರು. ನಮ್ಮ ಮನೆಯ ಹೆಂಗಸರೆಲ್ಲ ಆ ಕಾರ್ಖಾನೆಯ ಪ್ರಯೋಗಾಲಯದಲ್ಲೇ ದುಡಿಯುತ್ತಿದ್ದೆವು. ಅಲ್ಲಿನ ಮೇಲ್ವಿಚಾರಕಿ ನಾನು, ಕುಲ್ಪಾಶ್. ವಾರಗಿತ್ತಿ ಉಲ್ಬೊಸಿನ್ ನನ್ನ ಕೈಕೆಳಗೆ ಕೆಲಸ ಮಾಡುತ್ತಿದ್ದಳು. ಅತ್ತೆ ಬಿಬಾಯಿಶಾ ನೆಲ ಒರೆಸುತ್ತಿದ್ದರು. ಮನೆಯಲ್ಲಿ ಅವರ ಮಾತು ನಡೆಯಬೇಕು, ಪ್ರಯೋಗಾಲಯದಲ್ಲಿ ನನ್ನದು. ಹೀಗಾಗಿ ಎರಡೂ ಕಡೆ ಜಗಳ.

ಜಗಳದ ಮೂಲ ನೀರು. ರಂಜಕವನ್ನು ಸುಟ್ಟಾಗ ಒಂದು ಬಿಳಿ ಪುಡಿ ಸಿಗುತ್ತದೆ. ಬೇರೆ ವಸ್ತುಗಳನ್ನು ಒಣಗಿಸಿಡಲು ಅದನ್ನು ಬಳಸುತ್ತೇವೆ, ಏಕೆಂದರೆ ಅದು ಗಾಳಿಯಲ್ಲಿರುವ ತೇವವನ್ನೂ ಬಿಡದೆ ಹೀರುತ್ತದೆ. ಒಂದು ಹನಿ ನೀರು ಬಿದ್ದರೆ ಸಾಕು, ಚುರ್ರೆಂದು ಕುದಿದು ಆಮ್ಲವಾಗಿ ಚರ್ಮ ಮಾಂಸ ಏನು ಸಿಕ್ಕರೂ ಸುಡುತ್ತದೆ. ನಾವು ಅದಕ್ಕೆ ಬಾಯಾರಿದವಳು ಎಂದು ಹೆಸರಿಟ್ಟಿದ್ದೆವು. ಅವಳ ಜಾಡಿ ತೆರೆಯುವ ದಿನ ನೆಲ ಒರೆಸುವಂತಿಲ್ಲ, ಕೈ ಒದ್ದೆಯಿರುವಂತಿಲ್ಲ, ಕಣ್ಣಿನ ಕನ್ನಡಕ ತೆಗೆಯುವಂತಿಲ್ಲ. ಮೈಮೇಲೆ ಬಿದ್ದರೆ ಮೊದಲು ಒಣಬಟ್ಟೆಯಿಂದ ಕೊಡವಿ, ಆಮೇಲೆ ಮೂಲೆಯಲ್ಲಿ ಸರಪಳಿ ಜಗ್ಗಿದರೆ ಸುರಿಯುವ ನೀರಿನ ಧಾರೆಯ ಕೆಳಗೆ ನಿಲ್ಲಬೇಕು. ಕಣ್ಣಿಗೆ ಬಿದ್ದರೆ ಒಂದು ಕ್ಷಣವೂ ಕಾಯದೆ ಧಾರೆಗೆ ಒಡ್ಡಬೇಕು. ಧಾರಾಳ ನೀರು ಉಳಿಸುತ್ತದೆ, ಸ್ವಲ್ಪ ನೀರು ಸುಡುತ್ತದೆ. ಇದನ್ನು ಅತ್ತೆಗೆ ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು.

"ನೀರು ಸುಡುತ್ತಂತೆ, ಕೇಳ್ರೋ ನನ್ನ ಸೊಸೆ ಮಾತ್ನ!" ಎಂದು ಅವರು ಕಾವಲುಗಾರರ ಮುಂದೆ ನನ್ನನ್ನು ಆಡಿಕೊಳ್ಳುತ್ತಿದ್ದರು. "ಇದೇ ನೀರನ್ನ ಬಾಯಲ್ಲಿಟ್ಕೊಂಡು ನಾನು ಎಷ್ಟು ಜನರ ಮಕ್ಕಳನ್ನ ಉಳಿಸಿದೀನಿ ಗೊತ್ತೇನೆ? ನಿನ್ನ ಗಂಡನೂ ಅದ್ರಲ್ಲಿ ಒಬ್ಬ."

ಅದು ಸುಳ್ಳಲ್ಲ. ನಮ್ಮಲ್ಲಿ ಯಾರಾದರೂ ಬೆಚ್ಚಿಬಿದ್ದರೆ, ಗಾಳಿ ಸೋಕಿದರೆ, ತಿಳಿದ ಮುದುಕಿಯರು ಬಾಯಿ ತುಂಬ ನೀರು ತುಂಬಿಕೊಂಡು ಅವರ ಮುಖಕ್ಕೆ ತಟ್ಟನೆ ಫೂ ಎಂದು ಎರಚುತ್ತಾರೆ. ಹೆದರಿಕೆ ಇಳಿದುಹೋಗುತ್ತದೆ. ಇದರಲ್ಲಿ ಅತ್ತೆಗೆ ಸುತ್ತಲಿನ ಬೀದಿಗಳಲ್ಲೆಲ್ಲ ಹೆಸರಿತ್ತು.

ಆ ದಿನ ಜಾಡಿಯ ಗಾಜಿನ ಮುಚ್ಚಳ ಕಚ್ಚಿಕೊಂಡಿತ್ತು. ಅಂಚಿನ ಪುಡಿ ತೇವ ಹೀರಿ ಗಟ್ಟಿಯಾಗಿತ್ತು.

"ಬಲವಂತ ಮಾಡ್ಬೇಡ, ಬೇರೆ ಜಾಡಿ ತರ್ತೀನಿ. ಕನ್ನಡಕ ಯಾಕೆ ಹಣೆ ಮೇಲಿದೆ? ಇಳಿಸು," ಎಂದು ಉಲ್ಬೊಸಿನ್‌ಗೆ ಗದರಿದೆ.

"ಮಂಜು ಕಟ್ಟುತ್ತೆ ಅಕ್ಕ, ಏನೂ ಕಾಣಲ್ಲ. ಮದ್ವೆ ದಿನ ಮುಸುಕಲ್ಲಿ ಕೂತು ಕೂತು ಸಾಕಾಗಿದೆ."

"ಆವತ್ತು ಮುಸುಕು ತೆಗೆದ ಮೇಲೆ ನೀನು ಕಂಡಿದ್ದು ನನ್ನ ಮೈದುನನ ಮೂತಿ ತಾನೆ? ಮುಸುಕೇ ವಾಸಿಯಿತ್ತು."

ಅವಳು ಕಿಸಕ್ಕನೆ ನಕ್ಕಳು. ನಾನು ಕಪಾಟಿನ ಕಡೆ ತಿರುಗಿದೆ. ಹಿಂದಿನಿಂದ ಮರದ ಹಿಡಿಯಿಂದ ಮುಚ್ಚಳಕ್ಕೆ ತಟ್ಟುವ ಸದ್ದು ಕೇಳಿತು. ನಿಲ್ಲಿಸೇ ಎನ್ನುವಷ್ಟರಲ್ಲಿ ಜಾಡಿಯ ಕತ್ತು ಫಟ್ಟೆಂದು ಒಡೆಯಿತು.

ತಿರುಗಿದರೆ ಅವಳಿಗೆ ಮುಖವೇ ಇರಲಿಲ್ಲ. ಕೂದಲಿನಿಂದ ಎದೆಯವರೆಗೆ ಬಿಳಿ. ಆ ಬಿಳುಪಿನಲ್ಲಿ ಬಾಯಿ ತೆರೆಯಿತು, ಚೀರಿತು. ಕಣ್ಣಿನ ಸುತ್ತ ಪುಡಿ ಗುಳ್ಳೆಗುಳ್ಳೆಯಾಗಿ ಕುದಿಯುತ್ತಿತ್ತು. ಅವಳ ಕಣ್ಣೀರೇ ಅವಳನ್ನು ಸುಡುತ್ತಿತ್ತು. ಅವಳು ತನ್ನ ಮುಖವನ್ನು ತಾನೇ ಪರಚಿಕೊಳ್ಳುತ್ತ ಮೇಜಿಗೆ, ಗೋಡೆಗೆ ಡಿಕ್ಕಿ ಹೊಡೆದಳು. ಗಾಜು ಉರುಳಿ ಚೂರಾಯಿತು.

ನಾನು ಒಣಬಟ್ಟೆ ಎಳೆದುಕೊಳ್ಳುವಷ್ಟರಲ್ಲಿ ಅತ್ತೆ ಒಳಗೆ ನುಗ್ಗಿದ್ದರು. ಕಿಟಕಿಯ ಬಳಿ ಇದ್ದ ನೀರಿನ ಚೊಂಬನ್ನು ಬಾಯಿಗೆತ್ತಿದರು. ಎಡಗೈಯಲ್ಲಿ ಉಲ್ಬೊಸಿನ್‌ಳ ಗಲ್ಲ ಹಿಡಿದು ಮುಖವನ್ನು ತಮ್ಮತ್ತ ತಿರುಗಿಸಿಕೊಂಡರು. ಅವರ ಕೆನ್ನೆಗಳು ಉಬ್ಬಿದ್ದವು.

"ಅತ್ತೆ, ಬೇಡ! ನೀರು ಬೇಡ!"

ಅವರ ಬಾಯಿ ತುಂಬಿತ್ತು. ಸುಮ್ಮನಿರು ಎಂದು ಹುಬ್ಬಿನಲ್ಲೇ ಗದರಿಸಿದರು. ಎದೆ ಹಿಗ್ಗಿಸಿ ಉಸಿರೆಳೆದರು.

ನಾನು ಹೊಡೆದೆ. ತೋಳಿನಲ್ಲಿದ್ದ ಬಲವನ್ನೆಲ್ಲ ಹಾಕಿ ಹೊಡೆದೆ. ನೀರೂ ರಕ್ತವೂ ಒಟ್ಟಿಗೆ ಚಿಮ್ಮಿದವು, ಒಂದು ಹಲ್ಲು ನೆಲಕ್ಕೆ ಬಿತ್ತು, ಮುದುಕಿ ಕಪಾಟಿಗೆ ಬಡಿದು ಕುಸಿದರು. ಎಲ್ಲೋ ಚುರ್ರೆಂದಿತು. ನೋಡಲು ನನಗೆ ಪುರುಸೊತ್ತಿರಲಿಲ್ಲ.

ಉಲ್ಬೊಸಿನ್‌ಳ ಜಡೆ ಹಿಡಿದು ದರದರ ಎಳೆದೆ. ಓಡುತ್ತಲೇ ಒಣಬಟ್ಟೆಯಿಂದ ತಲೆ, ಕತ್ತು ಕೊಡವಿದೆ. ಗುಂಡಿ ಕಿತ್ತು ಅಂಗಿ ಹರಿದು ಬಿಸಾಡಿದೆ. ಮೂಲೆಯ ಧಾರೆಯ ಸರಪಳಿ ಜಗ್ಗಿ ಅವಳನ್ನು ಅದರಡಿ ನೂಕಿ, ರೆಪ್ಪೆಗಳನ್ನು ಬೆರಳಿನಿಂದ ಬಿಡಿಸಿ ಹಿಡಿದೆ. ಅವಳು ನನ್ನ ಮಣಿಕಟ್ಟನ್ನು ಕಚ್ಚಿದಳು, ಹೊಟ್ಟೆಗೆ ಮೊಣಕಾಲಿನಿಂದ ಗುದ್ದಿದಳು.

"ಬಿಡೇ! ಕೊಂದ್ಬಿಡು ನನ್ನ, ಕೊಂದ್ಬಿಡು ಅಕ್ಕ!"

"ಆಮೇಲೆ ಕೊಲ್ತೀನಿ. ಮೊದ್ಲು ಕಣ್ಣು ಬಿಡೇ ಕತ್ತೆ!"

ಆಂಬುಲೆನ್ಸಿನವರು ಬಂದು ಬಿಡಿಸುವವರೆಗೂ ನಾನು ಅವಳನ್ನು ಆ ನೀರಿನ ಕೆಳಗೇ ಅದುಮಿ ಹಿಡಿದಿದ್ದೆ. ಆಸ್ಪತ್ರೆಯಲ್ಲಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದರು. ದೃಷ್ಟಿ ಉಳಿಯಿತೋ ಇಲ್ಲವೋ, ಪಟ್ಟಿ ಬಿಚ್ಚಿದ ಮೇಲೆಯೇ ಗೊತ್ತಾಗಬೇಕು ಎಂದರು ಡಾಕ್ಟರು.

ಅದೇ ಸಂಜೆ ಮೈದುನ ಸಪರ್ ಚಾಟಿ ಹಿಡಿದು ಬಂದ. ನಮ್ಮ ಬಾಗಿಲಿನ ಗಾಜು ಪುಡಿಯಾಯಿತು.

"ನೀರಲ್ಲಿ ಅದುಮಿ ನನ್ನ ಹೆಂಡ್ತೀನ ಕುರುಡಿ ಮಾಡ್ದೆ, ನಮ್ಮಮ್ಮನ ಹಲ್ಲು ಉದುರಿಸ್ದೆ. ಅತ್ತಿಗೆ ಅಂತ ಇಷ್ಟು ದಿನ ಮರ್ಯಾದೆ ಕೊಟ್ಟೆ!"

ಮೊದಲ ಏಟು ನನ್ನ ಭುಜ ಸೀಳಿತು. ಎರಡನೆಯದಕ್ಕೆ ನನ್ನ ಗಂಡ ಅಡ್ಡ ಬಂದ. ಅಣ್ಣ ತಮ್ಮ ಅಂಗಳದಲ್ಲಿ ಉರುಳಾಡಿ ಮುಖ ಮೂತಿ ಒಡೆದುಕೊಂಡರು. ಅತ್ತೆ ಹೊಸ್ತಿಲಲ್ಲಿ ನಿಂತು ನೋಡಿದರು, ಒಂದು ಮಾತೂ ಆಡಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ನಿನಗೂ ಸತ್ಯ ಗೊತ್ತಲ್ಲ ಮುದುಕಿ, ಬಾಯಿ ಬಿಡು ಎಂದು ಕೂಗಬೇಕೆನಿಸಿತು.

ಕೊನೆಗೆ ಹಿರಿಯರು ತೀರ್ಮಾನ ಹೇಳಿದರು. ಪಟ್ಟಿ ಬಿಚ್ಚುವ ದಿನ ಬಳಗವೆಲ್ಲ ಕೂಡುವುದು, ಅಂದು ನಾನು ಅತ್ತೆಯ ಕಾಲಿಗೆ ಬಿದ್ದು ತಪ್ಪುಕಾಣಿಕೆ ಕೊಡುವುದು, ಇಲ್ಲವೇ ಮನೆ ಬಿಡುವುದು. ಉಲ್ಬೊಸಿನ್ ಕುರುಡಿಯಾದರೆ ಹೇಗೂ ಬಿಡುವುದೇ. ನಾನು ಯೋಚಿಸಿದ್ದು ಅವಳ ಕಣ್ಣುಗಳನ್ನು ಮಾತ್ರ. ಅವು ಹೋದರೆ ನಾನು ಆ ಮನೆಯಲ್ಲಿ ಯಾವ ಮುಖ ಇಟ್ಟುಕೊಂಡು ಬಾಳಲಿ?

ಆ ದಿನ ಬಂತು. ಆಸ್ಪತ್ರೆಯಿಂದ ನೇರ ಅವಳನ್ನು ಕರೆತಂದು ಅತ್ತೆಯ ಪಕ್ಕದಲ್ಲಿ ಕೂರಿಸಿದರು. ಮುಖದ ತುಂಬ ಕೆಂಪು ಕಲೆ, ಕಪ್ಪು ಕನ್ನಡಕ. ಕಣ್ಣು ಕಾಣುತ್ತದೆಯೇ ಎಂದು ಯಾರೂ ಕೇಳುವ ಧೈರ್ಯ ಮಾಡಲಿಲ್ಲ. ಒಲೆಯ ಮೇಲೆ ಕುರಿಮಾಂಸ ಬೆಂದಿತ್ತು. ಊಟಕ್ಕೆ ಮುಂಚೆ ಹಿರಿಯರ ಕೈಗೆ ನೀರು ಹಾಕುವುದು ಸೊಸೆಯ ಕೆಲಸ. ಹೂಜಿ ಹಿಡಿದು ಒಬ್ಬೊಬ್ಬರ ಮುಂದೆ ಬಾಗುತ್ತ ಅತ್ತೆಯ ಬಳಿ ಬಂದೆ.

"ಕೈಗಲ್ಲ," ಎಂದ ಸಪರ್. "ಮೊದ್ಲು ಕಾಲಿಗೆ ಬೀಳು."

ನಾನು ನೆಟ್ಟಗೆ ನಿಂತೆ. ಅತ್ತೆ ಬಲಗೈ ಒಂದನ್ನೇ ಮುಂದೆ ಚಾಚಿದರು. ಎಡಗೈ ಶಾಲಿನೊಳಗಿತ್ತು. ಅಂದಿನಿಂದಲೂ ಅದು ಶಾಲಿನೊಳಗೇ ಇತ್ತು, ಮುನಿಸಿನಿಂದ ಹಾಗೆ ಕೂರುತ್ತಾರೆ ಎಂದುಕೊಂಡಿದ್ದೆ.

ಉಲ್ಬೊಸಿನ್ ಕಪ್ಪು ಕನ್ನಡಕ ತೆಗೆದಳು. ಎಡಗಣ್ಣು ಹಾಲಿನಂತೆ ಮಬ್ಬಾಗಿತ್ತು. ಬಲಗಣ್ಣು, ಕೈ ಚಾಚುವಾಗ ಅತ್ತೆಯ ಶಾಲು ಸರಿದ ಜಾಗದಲ್ಲಿ ನೆಟ್ಟಿತ್ತು.

"ಅತ್ತೆ," ಎಂದಳು, "ನಿಮ್ಮ ಎಡಗೈಗೆ ಏನಾಯ್ತು?"

ಅವಳಿಗೆ ಕಾಣುತ್ತಿತ್ತು.

ಅತ್ತೆ ನಿಧಾನವಾಗಿ ಕೈ ಹೊರತೆಗೆದರು. ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಚರ್ಮ ಸುಲಿದು ಕುಳಿಬಿದ್ದ ಹಸಿಗಾಯ. ಉಲ್ಬೊಸಿನ್‌ಳ ಗಲ್ಲ ಹಿಡಿದಿದ್ದ ಕೈ, ಪುಡಿ ಮೆತ್ತಿಕೊಂಡಿದ್ದ ಕೈ.

"ನನ್ನ ಬಾಯಲ್ಲಿದ್ದ ನೀರು ಬಿದ್ದಿದ್ದು ಇಲ್ಲಿಗೆ," ಎಂದರು ಮಗನ ಕಡೆ ನೋಡುತ್ತ. ಬಿದ್ದ ಹಲ್ಲಿನ ಸಂದಿಯಿಂದ ಮಾತು ತೊದಲುತ್ತಿತ್ತು. "ಇವಳು ಹೊಡೀದೇ ಇದ್ದಿದ್ರೆ ಎಲ್ಲಿಗೆ ಬೀಳ್ತಿತ್ತು ಅಂತ ನೀನೇ ನೋಡ್ಕೋ. ನಂಗೆ ಹೇಳೋಕೆ ನಾಚಿಕೆ ಆಯ್ತು ಕಣಪ್ಪ. ಅದಕ್ಕೆ ಇವಳನ್ನ ಹೊಡೆಯೋಕೆ ಬಿಟ್ಟೆ."

ಸಪರ್ ತಲೆ ಎತ್ತಲಿಲ್ಲ. ಅತ್ತೆ ಎರಡೂ ಕೈ ನನ್ನ ಮುಂದೆ ಚಾಚಿದರು. ಸುಟ್ಟ ಕೈ ಹೂಜಿಯನ್ನು ಕಂಡು ತಾನಾಗಿಯೇ ಹಿಂದೆ ಸರಿಯಿತು. ಅವರು ಹಲ್ಲು ಕಚ್ಚಿ ಅದನ್ನು ಮತ್ತೆ ಮುಂದಕ್ಕೆ ತಂದರು.

"ಸುರಿಯೇ ಕುಲ್ಪಾಶ್. ಸ್ವಲ್ಪ ಬೇಡ, ಧಾರಾಳವಾಗಿ ಸುರಿ."

ಹೂಜಿ ಬರಿದಾಗುವವರೆಗೂ ಸುರಿದೆ.